ಹುಡುಗಿಯ ಕೈಕೆಲಸ

೧೯೫೩ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಯಾಕೆ ನಿಲ್ಲಿಸಿದೆ ಎಂಬುದಕ್ಕೆ ನಾನು ಕೊಡುವ ಉತ್ತರ ಕೇಳಿದವರ ಮುಖ ನೋಡಿಕೊಂಡು ಬದಲಾಗುತ್ತದೆ. ಮರುಕಪಡುವವರಿಗೆ ಮನೆಯ ಕಷ್ಟ ಎನ್ನುತ್ತೇನೆ. ಮೇಷ್ಟರುಗಳಿಗೆ ಲೆಕ್ಕ ತಲೆಗೆ ಹತ್ತಲಿಲ್ಲ ಎನ್ನುತ್ತೇನೆ. ಅವರಿಗೆ ಅದರಿಂದ ಬಹಳ ಸಮಾಧಾನವಾಗುತ್ತದೆ. ನಿಜವಾಗಿ ನಡೆದದ್ದು ಇಷ್ಟು: ನಮ್ಮಪ್ಪ ಒಂದು ಬೆಳಿಗ್ಗೆ ದನಗಳಿಗೆ ಹುಲ್ಲು ಹಾಕುತ್ತಾ, "ನಾಳೆಯಿಂದ ಯಶವಂತಪುರಕ್ಕೆ ಓಗು. ಕಟ್ಟಿನಂಗಡೀಲಿ ಕೆಲ್ಸ ಏಳಿದೀನಿ" ಅಂದರು. ನಾನು ಹೂಂ ಅಂದೆ. ದೊಡ್ಡವರ ಜೀವನಚರಿತ್ರೆಗಳಲ್ಲಿ ಇಂಥ ಹೊತ್ತಿಗೆ ಕಣ್ಣೀರು, ಹಟ, ಬೀದಿದೀಪ ಎಲ್ಲ ಬರುತ್ತವೆ. ನನ್ನದರಲ್ಲಿ ಹುಲ್ಲು ಮಾತ್ರ ಬಂತು.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ನನ್ನ ಸೊಂಟ. ಬೆಳಿಗ್ಗೆ ಸಹಕಾರನಗರದ ಪಾರ್ಕಿನ ಸುತ್ತ ನಡೆಯುವಾಗ ದಾರಿಯಲ್ಲಿ ಏನಾದರೂ ಮಿಂಚಿದರೆ ಬಗ್ಗಿಬಿಡುತ್ತೇನೆ. ಬಳೆಚೂರು, ಬಣ್ಣದ ಗುಂಡಿ, ಚಾಕಲೇಟಿನ ಬೇಗಡೆ. ಬಗ್ಗುವುದು ಸುಲಭ, ಏಳುವುದು ಅಷ್ಟು ಸುಲಭವಲ್ಲ. ಮೊನ್ನೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಯುವಕನೊಬ್ಬ ಕೈಕೊಟ್ಟು ಎಬ್ಬಿಸಿದ.

"ಏನ್ ಬಿದ್ದೋಯ್ತು ಅಂಕಲ್? ಉಂಗುರಾನಾ?"

"ಬೀಳ್ಲಿಲ್ಲಪ್ಪ, ಸಿಕ್ತು" ಎಂದು ಅಂಗೈ ಬಿಚ್ಚಿ ಹಸಿರು ಬಳೆಚೂರು ತೋರಿಸಿದೆ. ಅವನು ಚೂರನ್ನು ನೋಡಿದ, ನನ್ನನ್ನು ನೋಡಿದ, "ಹುಷಾರು ಅಂಕಲ್" ಎಂದು ನಾಯಿಯನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡ. ನಾಯಿಗೆ ನನ್ನ ಬಗ್ಗೆ ಅಂಥ ಅನುಮಾನವೇನೂ ಇರಲಿಲ್ಲ.

ಈ ಚಟ ಹತ್ತಿದ್ದು ಕಟ್ಟಿನಂಗಡಿಯಲ್ಲಿ. ಕಟ್ಟಿನಂಗಡಿ ಅಂದರೆ ಫೋಟೋಗಳಿಗೆ ಗಾಜು ಕೂರಿಸಿ ಕಟ್ಟು ಹಾಕುವ ಅಂಗಡಿ. ಬೆಳಗಿನ ರೈಲಿನಲ್ಲಿ ಯಲಹಂಕದಿಂದ ಯಶವಂತಪುರಕ್ಕೆ ಹೋಗಿ ಸಂಜೆಯ ರೈಲಿನಲ್ಲಿ ವಾಪಸು ಬರುತ್ತಿದ್ದೆ. ನಮ್ಮಲ್ಲಿಗೆ ದೇವರು ಬಿಟ್ಟರೆ ಮೂರು ಥರದ ಜನ ಬರುತ್ತಿದ್ದರು: ತೀರಿಕೊಂಡವರು, ಮದುವೆಯಾದವರು, ಬಿ.ಎ. ಪಾಸಾದವರು. ಮೂವರಿಗೂ ಒಂದೇ ಥರದ ಪಟ್ಟಿ, ಒಂದೇ ಥರದ ಗಾಜು. ನಾನು ಬಿ.ಎ. ಮಾಡದೇ ಇರಬಹುದು, ಆದರೆ ಕಪ್ಪು ನಿಲುವಂಗಿ ತೊಟ್ಟು, ಕೈಯಲ್ಲಿ ಸುರುಳಿ ಹಿಡಿದ ಎಷ್ಟು ಬಿ.ಎ.ಗಳನ್ನು ಗೋಡೆಗೆ ಹತ್ತಿಸಿದ್ದೇನೆ ಎಂದು ಕೇಳಿ. ಅವರಲ್ಲಿ ಅರ್ಧ ಜನಕ್ಕೆ ಫೋಟೋದಲ್ಲಿ ಯಾವ ಕಡೆ ನೋಡಬೇಕೆಂದು ತಿಳಿದಿರಲಿಲ್ಲ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಮಿಕ್ಕಿದ ರಟ್ಟಿನ ಮೇಲೆ ಏನಾದರೂ ಅಂಟಿಸುತ್ತಿದ್ದೆ. ಪಕ್ಕದ ಟೈಲರ್ ಎಸೆದ ನೀಲಿ ಅಸ್ತರಿನ ತುಂಡು ಕೊಳವಾಯಿತು. ಬಳೆಚೂರುಗಳು ಅಲೆಯಾದವು. ಸಿಗರೇಟು ಪ್ಯಾಕಿನ ಬೇಗಡೆ ಚಂದ್ರನಾಯಿತು. ಎದುರು ಹೋಟೆಲಿನವರು ರಾಶಿ ಹಾಕುತ್ತಿದ್ದ ಈರುಳ್ಳಿ ಸಿಪ್ಪೆಯನ್ನು ಒಣಗಿಸಿ ಒಂದರ ಹಿಂದೊಂದು ಜೋಡಿಸಿದರೆ ತಾವರೆ ಆಗುತ್ತದೆಂದು ನಾನೇ ಕಂಡುಹಿಡಿದೆ. ನನಗಿಂತ ಮೊದಲು ಇನ್ನಾರಾದರೂ ಕಂಡುಹಿಡಿದಿದ್ದರೆ ಅದು ಅವರ ಪಾಡು. ಪೊರಕೆಕಡ್ಡಿ ಜೊಂಡಾಯಿತು, ಮೊಟ್ಟೆಯ ಓಡು ದಡದ ಕಲ್ಲಾಯಿತು. ಕೊಳ ಇದ್ದ ಮೇಲೆ ಹಂಸ ಬೇಕು. ನಾನು ಹಂಸವನ್ನು ಕಂಡವನಲ್ಲ. ಹೆಬ್ಬಾಳದ ಕೆರೆಯಲ್ಲಿ ಕಂಡ ಕೊಕ್ಕರೆಗಳನ್ನೇ ಮನಸ್ಸಿನಲ್ಲಿ ಸ್ವಲ್ಪ ಕೊಬ್ಬಿಸಿ ಕತ್ತು ಬಗ್ಗಿಸಿ ಹತ್ತಿಯಲ್ಲಿ ಮಾಡಿದೆ. ಅದು ಹಂಸವಲ್ಲ ಎಂದು ಇಂದಿನವರೆಗೂ ಯಾರೂ ಅಂದಿಲ್ಲ. ಅವರೂ ಕಂಡವರಲ್ಲ.

ನನ್ನ ಜೇಬುಗಳನ್ನು ಝಾಡಿಸುವ ಕೆಲಸ ನಮ್ಮಮ್ಮನದು. "ಬೇರೆ ಮನೆ ಮಕ್ಕಳ ಜೇಬಲ್ಲಿ ಬೀಡಿ ಸಿಕ್ತದೆ. ನಿನ್ ಜೇಬಲ್ಲಿ ಈರುಳ್ಳಿ ಸಿಪ್ಪೆ! ಅದ್ನಾದ್ರೂ ಯಾರ್ ತವ ಏಳ್ಕೊಳ್ಲಿ?" ಎಂದು ಗೊಣಗುತ್ತಿದ್ದಳು. ಬೀಡಿಯನ್ನಾದರೆ ಅರ್ಥ ಮಾಡಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

ಮೊದಲನೇ ಚಿತ್ರವನ್ನು ನಮ್ಮ ಯಜಮಾನರು ಕಟ್ಟು ಹಾಕಿಸಿ ಅಂಗಡಿಯ ಮುಂದೆ ತೂಗುಹಾಕಿದರು. ಸಂತೆಯ ದಿನ ಯಾರೋ ಒಬ್ಬರು ನಿಂತರು.

"ಇದನ್ನ ಮಾಡ್ದೋರು ಯಾರು ಸ್ವಾಮಿ?"

ನಾನು ಸುತ್ತಿಗೆ ಕೆಳಗಿಟ್ಟು ಎದೆ ಸ್ವಲ್ಪ ಮುಂದಕ್ಕೆ ತಂದೆ. ಯಜಮಾನರು ಕಣ್ಣು ಮಿಟುಕಿಸದೆ, "ಮಲ್ಲೇಶ್ವರದ ಒಂದ್ ಹುಡುಗಿ. ಬಲು ಸಂಭಾವಿತರ ಮನೆ" ಅಂದರು.

"ಹೆಸರು ಹಾಕಿಲ್ವಲ್ಲ?"

"ತಗೊಂಡೋರು ಹಾಕ್ಕೊಳ್ಲಿ ಅಂತ ಕೆಳಗೆ ಜಾಗ ಬಿಟ್ಟಿದಾಳೆ."

ಕೆಳಗೆ ಜಾಗ ಉಳಿದದ್ದು ಮೊಟ್ಟೆ ಓಡು ಸಾಲದೆ ಹೋದದ್ದರಿಂದ. ಆದರೆ ಚಿತ್ರ ಅಲ್ಲೇ ಮಾರಿಹೋಯಿತು. ಮುಂದಿನ ಸಂತೆಗೆ ಇನ್ನಿಬ್ಬರು ಕೇಳಿಕೊಂಡು ಬಂದರು. ಅಂದಿನಿಂದ ಪ್ರತಿ ಚಿತ್ರದ ಕೆಳಗೂ ಜಾಗ ಬಿಡುತ್ತಾ ಹೋದೆ.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದರ ಗುಟ್ಟು ತಿಳಿಯುವುದಿಲ್ಲ. ಆಗ ಮದುವೆಗೆ ಬಂದ ಹುಡುಗಿ ಇರುವ ಮನೆಯ ನಡುಮನೆಯಲ್ಲಿ ಅವಳ ಕೈಕೆಲಸವೊಂದು ಗೋಡೆಯ ಮೇಲೆ ಇರಲೇಬೇಕಿತ್ತು. ಮಣಿಯ ಗಿಳಿಯೋ, ಉಲ್ಲನ್ನಿನ ನವಿಲೋ, ಹತ್ತಿಯ ಮೊಲವೋ. ಕೆಳಗೆ ಜರಿ ದಾರದಲ್ಲಿ 'ಕು||' ಎಂದು ಶುರುವಾಗುವ ಹೆಸರು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖವನ್ನು ನೇರವಾಗಿ ನೋಡುವುದು ಮರ್ಯಾದೆಯಲ್ಲವಾದ್ದರಿಂದ ಗಿಳಿಯನ್ನು ನೋಡುತ್ತಿದ್ದರು. ಗಿಳಿ ಚೆನ್ನಾಗಿದ್ದರೆ ಹುಡುಗಿಗೆ ತಾಳ್ಮೆ ಇದೆ, ಮನೆ ತೂಗಿಸುತ್ತಾಳೆ ಎಂದು ಲೆಕ್ಕ. ಬೆಳಗಾದರೆ ರಾಗಿ ಬೀಸಿ, ನೀರು ಸೇದಿ, ಹೊಲಕ್ಕೆ ಬುತ್ತಿ ಹೊರುವ ಹುಡುಗಿಗೆ ಮೊಲ ಮಾಡಲು ಹೊತ್ತೆಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದೇ ನಮ್ಮ ವ್ಯಾಪಾರ.

"ನನ್ ಹೆಸರು ಹೇಳಿದ್ರೆ ಏನಾಗ್ತಿತ್ತು ಯಜಮಾನ್ರೇ?" ಎಂದು ಒಮ್ಮೆ ಕೇಳಿದೆ.

"ಲೋ ಮುನಿರಾಜ, ಮೀಸೆ ಇರೋನು ಮಾಡಿದ ಹಂಸ ತಗೊಂಡೋಗಿ ಯಾವ ಹುಡುಗಿ ಮನೇಲಿ ನೇತಾಕ್ತೀಯೋ?"

ಮಾತು ಸರಿಯಾಗಿತ್ತು. ಹಾಗಾಗಿ ಯಲಹಂಕದಿಂದ ನೆಲಮಂಗಲದವರೆಗೆ ಎಷ್ಟೋ ಮನೆಗಳಲ್ಲಿ ನಾನು ಬೇರೆ ಬೇರೆ ಕುಮಾರಿಯರಾಗಿ ಗೋಡೆಗೆ ತೂಗಿದೆ. ನನ್ನ ತಾಳ್ಮೆಯನ್ನು, ನನ್ನ ಚೊಕ್ಕತನವನ್ನು ಮೆಚ್ಚಿ ಗಂಡುಗಳು ಒಪ್ಪಿಕೊಂಡರು. ಒಪ್ಪದೆ ಉಳಿದದ್ದು ಹೆಣ್ಣಿನ ಕಡೆಯವರು, ಅದೂ ನನ್ನನ್ನು. ಮೂರು ಕಡೆ "ಹುಡುಗ ಓದಿಲ್ವಂತೆ" ಎಂದು ಹೇಳಿ ಕಳಿಸಿದರು. ಅದರಲ್ಲಿ ಒಂದು ಮನೆಯ ಮೊಲ ನನ್ನದೇ ಇತ್ತು. ಅಲ್ಲಿ ನಾನು ಬಾಯಿ ಬಿಡಲಿಲ್ಲ.

ಅಷ್ಟು ಹೊತ್ತಿಗೆ ಅರವತ್ತನೇ ಇಸವಿ ದಾಟಿತ್ತು. ನನ್ನ ಹಿಂದೆ ತಮ್ಮ ಮದುವೆಗೆ ಕಾಯುತ್ತಿದ್ದ. ಅಮ್ಮ ಊಟಕ್ಕೆ ಬಡಿಸುವಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ನನ್ನ ಸೋದರಮಾವ ಗಂಗಣ್ಣ ನಮ್ಮ ಮನೆಯಲ್ಲೇ ಇದ್ದವನು. ಒಳ್ಳೆಯ ಮಾತುಗಾರ, ಬೇರೆ ಕೆಲಸವೇನೂ ಇರಲಿಲ್ಲ. ಅವನು ಸಂಬಂಧ ಹುಡುಕುವ ಕೆಲಸವನ್ನು ತಾನೇ ವಹಿಸಿಕೊಂಡು ನನಗೆ ಎಚ್ಚರ ಹೇಳಿದ:

"ಮಾಕಳೀಲಿ ಒಂದು ಹುಡುಗಿ ಐತೆ. ಮರಿಯಪ್ಪನವರ ಮಗಳು, ರತ್ನಮ್ಮ ಅಂತ. ನೀನು ಗಾಜಿನ ವ್ಯಾಪಾರದಲ್ಲಿದೀಯ ಅಂತ ಏಳಿದೀನಿ. ಹತ್ತೀಲಿ ಹಕ್ಕಿ ಮಾಡ್ತೀನಿ, ಸಿಪ್ಪೇಲಿ ಹೂವ ಮಾಡ್ತೀನಿ ಅಂತ ಬಾಯ್ಬಿಟ್ಟೋ, ಇದೂ ಓಯ್ತು ಅಂತ ತಿಳ್ಕೋ. ಕೈಕೆಲ್ಸ ನೋಡಿ ಗಂಡಸಿಗೆ ಯಾರ್ ಎಣ್ಣು ಕೊಡ್ತಾರೋ?"

ನಾನು ಮಾತಾಡುವುದಿಲ್ಲ ಎಂದು ಒಪ್ಪಿಕೊಂಡೆ. ಮಾತಾಡದೆ ಇರುವುದು ನನಗೆ ಯಾವತ್ತೂ ಕಷ್ಟವೆನಿಸಿದ್ದಿಲ್ಲ ಎಂದುಕೊಂಡಿದ್ದೆ.

ತುಮಕೂರು ರಸ್ತೆಯ ಬಸ್ಸಿಳಿದು ನಾನು, ಅಮ್ಮ, ಮಾವ ಮೂವರೂ ಹೋದೆವು; ಅಪ್ಪ ದನಗಳನ್ನು ಬಿಟ್ಟು ಬರಲಿಲ್ಲ. ಹಾಸಿದ ಜಮಖಾನದ ಮೇಲೆ ಕುಳಿತು ತಲೆ ಎತ್ತಿದರೆ ಎದುರಿಗೆ ನನ್ನದೇ ಒಂದು ಹಂಸ. ನೀಲಿ ಅಸ್ತರು, ಹಸಿರು ಬಳೆ, ಈರುಳ್ಳಿ ತಾವರೆ, ಎಲ್ಲ ಹಾಗೇ ಇದೆ. ಕೆಳಗೆ, ನಾನು ಬಿಟ್ಟ ಜಾಗದಲ್ಲಿ, 'ಕು|| ರತ್ನಮ್ಮ'. ಪಕ್ಕದಲ್ಲಿ ದೇವರ ಪಟಗಳು. ಊದುಬತ್ತಿಯ ಹೊಗೆ ದೇವರಿಗೆ ಒಂದು ಪಾಲು, ಹಂಸಕ್ಕೆ ಒಂದು ಪಾಲು ಹೋಗುತ್ತಿತ್ತು. ಒಂದೇ ಒಂದು ಬದಲಾವಣೆ: ನಾನು ಕಣ್ಣಿಗೆ ಸಾಸಿವೆ ಕಾಳು ಇಟ್ಟಿದ್ದೆ, ಈಗ ಆ ಜಾಗದಲ್ಲಿ ಒಂದು ಗುಲಗಂಜಿ ಕೂತಿತ್ತು. ಕೆಂಪಗೆ, ಅಳತೆಗೆ ಮೀರಿ ದೊಡ್ಡದು. ನನ್ನ ಸಾಧು ಹಂಸ ಯಾರ ಮೇಲೋ ಸಿಟ್ಟಾಗಿ ತಿರುಗಿ ನೋಡುವಂತೆ ಆಗಿಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೂ ಸುಮ್ಮನಿದ್ದೆ.

ಉಪ್ಪಿಟ್ಟು ಬಂತು. ಹುಡುಗಿ ಬಂದು ಕಂಬದ ಪಕ್ಕ ನಿಂತಳು. ಅಮ್ಮ ಪದ್ಧತಿಯಂತೆ ಹಂಸವನ್ನು ನೋಡಿದಳು.

"ಮಗಾ ಮಾಡಿದ್ದಾ ಇದು?"

"ಊಂ ಕಣಮ್ಮ, ಎರಡ್ ತಿಂಗ್ಳು ಕೂತ್ಕೊಂಡು ಮಾಡ್ತು. ಊಟ ತಿಂಡಿ ಮೇಲೆ ಗ್ಯಾನ ಇಲ್ಲ" ಎಂದಳು ಹುಡುಗಿಯ ತಾಯಿ. ನನಗೆ ಆ ಹಂಸಕ್ಕೆ ನಾಲ್ಕು ಮಧ್ಯಾಹ್ನ ಹಿಡಿದಿತ್ತು.

"ಕಣ್ಣು ನೋಡೋ ಮುನಿರಾಜ" ಎಂದು ಅಮ್ಮ ನನ್ನ ಕಡೆ ತಿರುಗಿದಳು. "ಏನ್ ಜೀವಕಳೆ! ಮಿಕ್ಕಿದ್ದೆಲ್ಲ ಎಂಗಾರ ಇರ್ಲಿ, ಆ ಕಣ್ಣೊಂದು ಸಾಕು."

ಮಿಕ್ಕಿದ್ದೆಲ್ಲ ಹೆಂಗಾದರೂ ಇರಲಂತೆ! ನಾನು ಉಪ್ಪಿಟ್ಟು ನುಂಗಿದೆ. ಅಷ್ಟಕ್ಕೆ ಬಿಡಬಹುದಿತ್ತು, ಮಾತಿನಮಲ್ಲ ನಮ್ಮ ಮಾವ ಬಿಡಲಿಲ್ಲ. ಹುಡುಗಿಯ ಬಾಯಿಂದ ನಾಲ್ಕು ಮಾತು ಕೇಳೋಣವೆಂದು, "ಇಷ್ಟೆಲ್ಲ ಉದುರದಂಗೆ ಏನಾಕಿ ಅಂಟ್ಸಿದೆ ತಾಯೀ?" ಅಂದ.

ಹುಡುಗಿ ಅವ್ವನ ಮುಖ ನೋಡಿದಳು. ಅವ್ವ ಗೋಡೆ ನೋಡಿದಳು.

"ಅನ್ನ ಮಿದ್ದು ಅಂಟ್ಸಿದ್ದು" ಎಂದಳು ರತ್ನಮ್ಮ.

ನಾನು ಮಾತಾಡಬೇಕೆಂದುಕೊಂಡಿರಲಿಲ್ಲ. ಮಾತೇ ಹೊರಗೆ ಬಂತು. "ಅನ್ನಾನಾ? ಅನ್ನ ಹಾಕಿದ್ರೆ ಜಿರಳೆ ಮಳೆಗಾಲ ಮುಗಿಯೋದ್ರೊಳಗೆ ತಿಂದು ತೇಗ್ತಿತ್ತು! ಅದು ಹುಣಸೇಬೀಜದ ಅಂಟು ಕಣ್ರೀ. ಬೀಜ ಹುರ್ದು, ನೆನ್ಸಿ, ರುಬ್ಬಿ, ಕಾಯ್ಸಿ, ಹುಳ ಹತ್ತದ ಹಾಗೆ ಚಿಟಿಕೆ ಮೈಲುತುತ್ತ ಹಾಕಿರೋದು. ಹತ್ತಿ ಕೆಳಗೆ ಬನೀನು ಬಟ್ಟೆ ಇರೋದ್ರಿಂದ ಹೊಟ್ಟೆ ಉಬ್ಬಿ ನಿಂತಿದೆ, ಇಲ್ದಿದ್ರೆ ಎಂದೋ ಚಪ್ಪಟೆ ಆಗ್ತಿತ್ತು."

ಮಾವ ಮೊದಲು ಎಚ್ಚೆತ್ತ. "ಗಾಜಿನ ವ್ಯಾಪಾರ ನೋಡಿ, ಎಲ್ಲಾ ಸಾಮಾನಿನ ಪರಿಚಯ ಇರ್ತದೆ..."

"ಗಾಜಿನೋರಿಗೆ ಅಂಸದ ಒಟ್ಟೇಲಿ ಏನೈತೆ ಅಂತ ಎಂಗ್ ಗೊತ್ತಾಯ್ತದೆ?" ಎಂದರು ಮರಿಯಪ್ಪನವರು. ಎದ್ದು ಪಟವನ್ನು ಇಳಿಸಿ, ಹಿಂದಿನ ರಟ್ಟಿನ ಸಂದಿಗೆ ಕುಡುಗೋಲಿನ ಮೊನೆ ತುರುಕಲು ಹೋದರು. ಅದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗುವ ಕೆಲಸವೇ? "ಕೊಡಿ ಇಲ್ಲಿ, ಗಾಜು ಒಡೀತೀರಿ" ಎಂದು ಇಸಿದುಕೊಂಡು, ಮೊಳೆಗಳನ್ನು ಒಂದೊಂದಾಗಿ ಉಗುರಿನಲ್ಲೇ ಸಡಿಲಿಸಿ ತೆಗೆದೆ. ಅಲ್ಲಿಗೆ ಮಾವನ ಗಾಜಿನ ವ್ಯಾಪಾರ ಮುಗಿಯಿತು.

ಹತ್ತಿಯನ್ನು ಮೆಲ್ಲಗೆ ಸರಿಸಿದೆ. ಕೆಳಗೆ ಹಳೇ ಬನಿಯನ್ ತುಂಡು. ಅದರ ಮೂಲೆಯಲ್ಲಿ ಮಡಿವಾಳರು ಹಾಕುವ ಕಪ್ಪು ಗುರುತು: ಎರಡು ಗೆರೆ, ಒಂದು ಚುಕ್ಕೆ.

ಅಮ್ಮ ಬಗ್ಗಿ ನೋಡಿದಳು. ಮಾವನೂ ಬಗ್ಗಿದ. ಆಮೇಲೆ ನಾವು ಎಲ್ಲಿದ್ದೇವೆ, ಯಾಕೆ ಬಂದಿದ್ದೇವೆ ಎಲ್ಲ ಮರೆತು ಕೂಗಿದ: "ಲೋ! ಇದು ನನ್ ಬನೀನು! ಇದ್ಕೋಸ್ಕರ ಮಡಿವಾಳ ಮುನಿಯನ ಜೊತೆ ಜಗಳ ಆಡಿ, ವರ್ಷಗಟ್ಲೆ ಮಾತು ಬಿಟ್ಟಿದೀನಲ್ಲೋ!"

ಮರಿಯಪ್ಪನವರು ಆ ಗುರುತನ್ನೂ, ನಮ್ಮ ಮಾವನನ್ನೂ, ದೇವರ ಪಟವನ್ನೂ ಸರದಿಯಂತೆ ನೋಡಿದರು. "ದಿನಾ ಸ್ನಾನ ಮಾಡಿ ಊದುಬತ್ತಿ ಅಚ್ತಿದ್ದೆನಲ್ಲಪ್ಪ ಇದಕ್ಕೆ" ಎಂದು ಮೆಲ್ಲಗೆ ಹೇಳಿದರು.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, ರತ್ನಮ್ಮನ ಅಪ್ಪನ ತಾಯಿ, ನಗಲು ಶುರುಮಾಡಿದಳು. ಆದರೆ ಬೇರೆ ಯಾರೂ ನಗುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರು ಸಂತೆಯಿಂದ ತಂದದ್ದನ್ನು ಮಗಳ ಕೈಕೆಲಸ ಅಂದಿದ್ದರು. ಗಂಡಿನ ಕಡೆಯವರು ಸಿಪ್ಪೆ ಅಂಟಿಸುವವನನ್ನು ಗಾಜಿನ ವ್ಯಾಪಾರಿ ಅಂದಿದ್ದರು. ಅಮ್ಮ ಸೆರಗು ಹೊದ್ದು ಏಳಲು ಅಣಿಯಾದಳು. ನಾಲ್ಕನೇ ಸಂಬಂಧವೂ ಹೋಯಿತು, ಅದೂ ಚಿಟಿಕೆ ಮೈಲುತುತ್ತಕ್ಕಾಗಿ, ಎಂದುಕೊಂಡೆ. ಹಾಗೆಂದು ಪೂರ್ತಿ ದುಃಖವಾಯಿತೆಂದರೆ ಸುಳ್ಳು. ನನ್ನ ಕೈಯ ಕೆಲಸ ನನ್ನದೆಂದು ಒಂದು ಮನೆ ತುಂಬ ಜನಕ್ಕೆ ತಿಳಿದಿತ್ತು. ಅಂಥ ಹೊತ್ತು ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಆಗ ಕಂಬದ ಪಕ್ಕದಿಂದ ಮಾತು ಬಂತು.

"ಕಣ್ಣು ನಂದು."

ಎಲ್ಲರೂ ತಿರುಗಿದೆವು. ರತ್ನಮ್ಮ ನನ್ನನ್ನೇ ನೇರವಾಗಿ ನೋಡುತ್ತಿದ್ದಳು. ನಾನು ಹೇಳಿದೆನಲ್ಲ, ಆಗ ಅದು ಮರ್ಯಾದೆಯಲ್ಲ.

"ಅಂಟು ಅಂಟು ಅಂತ ಅಷ್ಟ್ ಒಗಳ್ಕೊಂಡ್ರಲ್ಲ, ನೀವು ಅಂಟ್ಸಿದ ಸಾಸಿವೆ ಮನೆಗೆ ತಂದ ವಾರಕ್ಕೇ ಉದುರೋಯ್ತು. ಕುರುಡು ಅಂಸ ನೇತಾಕೋಕಾಯ್ತದಾ? ಗುಲಗಂಜಿ ತಂದು ನಾನೇ ಇಟ್ಟೆ. ಅನ್ನ ಮಿದ್ದೇ ಅಂಟ್ಸಿದ್ದು. ಮೂರ್ ಮಳೆಗಾಲ ಆಯ್ತು, ಯಾವ ಜಿರಳೇನೂ ತಿಂದಿಲ್ಲ."

ನಾನು ಕೈಯಲ್ಲಿದ್ದ ಹಂಸದ ಕಣ್ಣನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿದೆ. ಅದು ಜಗ್ಗಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಆಗಲೂ ಇಲ್ಲ.

"ಕಣ್ಣೇ ಚೆನ್ನಾಗಿರೋದು ಅಂತ ನಾನು ಆಗ್ಲೇ ಅಂದೆ" ಎಂದು ಅಮ್ಮ ಸೆರಗು ಬಿಟ್ಟು ಮತ್ತೆ ಕುಳಿತಳು.

ಅಜ್ಜಿ ಕುಟ್ಟಾಣಿ ಬದಿಗಿಟ್ಟಳು. "ನೋಡಪ್ಪ ಮರಿಯಾ, ಈಗ ಇವ್ರನ್ನ ಬ್ಯಾಡ ಅಂತ ಕಳಿಸ್ತೀಯ. ಯಾಕ್ ಬ್ಯಾಡ ಅಂದ್ರಿ ಅಂತ ಊರು ಕೇಳ್ತದೆ. ಏನಂತೀಯ? ನಿನ್ ಮಗಳ ಅಂಸದೊಳ್ಗೆ ಈ ಯಪ್ಪನ ಬನೀನು ಇತ್ತು ಅಂತೀಯಾ? ಅವ್ರೂ ಅವ್ರೂರಲ್ಲಿ ಏನಂತಾರೆ? ಒಪ್ಕೊಂಡು ಬಾಯ್ ಮುಚ್ಕಳ್ಳಿ ಇಬ್ರೂವೆ. ಬೆರಳು ಚೊಕ್ಕಾಗೈತೆ ಉಡುಗಂದು. ನಮ್ ರತ್ನಿ ಕೈಗೆ ಗಾಜು ಕೊಟ್ರೆ ಉಳಿಯಾಕಿಲ್ಲ, ಒಬ್ರಿಗಾದ್ರೂ ಕೆಲ್ಸ ಬರ್ಲಿ."

ಜಾತಕ ಕೂಡಿ ಮದುವೆಯಾದವರನ್ನು ಕಂಡಿದ್ದೇನೆ. ಮನಸ್ಸು ಕೂಡಿ ಮದುವೆಯಾದವರೂ ಇದ್ದಾರೆಂದು ಕೇಳಿದ್ದೇನೆ. ನಮ್ಮದು ಎರಡೂ ಕಡೆಯ ಸುಳ್ಳು ಕೂಡಿ ಆದ ಮದುವೆ. ಮರಿಯಪ್ಪನವರು ಮೀಸೆ ನೀವಿಕೊಂಡು ಒಂದೇ ಮಾತು ಹೇಳಿದರು.

"ಆಗ್ಲಿ. ಆದ್ರೆ ಮದುವೆಗೆ ನೆಂಟರೆಲ್ಲ ಬತ್ತಾರೆ. ಇದು ನಮ್ ರತ್ನಮ್ಮ ಮಾಡಿದ್ದು ಅಂತ ಊರಿಗೇ ಗೊತ್ತು. ಅದು ಅಂಗೇ ಇರ್ಬೇಕು. ನೀನು ಯಾರ ತಾವೂ, ಯಾವತ್ತೂ, ನಂದು ಅನ್ಬಾರ್ದು. ಆಯ್ತದಾ?"

ನಾನು ಕೈಯಲ್ಲಿದ್ದ ಚಿತ್ರ ನೋಡಿದೆ. ಈರುಳ್ಳಿ ಸಿಪ್ಪೆಯ ತಾವರೆಗೆ ಬಣ್ಣ ಇನ್ನೂ ಮಾಸಿರಲಿಲ್ಲ. ನಾನು ಮಾಡಿದವುಗಳಲ್ಲೇ ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಬೇರೆ ಮನೆಗಳಲ್ಲಿ ಇದ್ದವನ್ನೂ ನೆನಪು ಮಾಡಿಕೊಂಡೇ ಹೇಳುತ್ತಿದ್ದೇನೆ. ಆಮೇಲೆ ಕಂಬದ ಕಡೆ ನೋಡಿದೆ. ಅವಳು ಇನ್ನೂ ನನ್ನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

"ಆಯ್ತು" ಎಂದೆ.

ಹತ್ತಿಯನ್ನು ಮಾವನ ಬನಿಯನ್ ಮೇಲೆ ಮತ್ತೆ ಎಳೆದು ಕೂರಿಸಿದೆ. ಮಾವ ತನ್ನ ತುಂಡು ವಾಪಸು ಕೇಳಲಿಲ್ಲ, ಅಷ್ಟು ದೊಡ್ಡತನ ಅವನಲ್ಲಿತ್ತು. ರಟ್ಟು ಇಟ್ಟೆ. ಮರಿಯಪ್ಪನವರು ಕಲ್ಲೊಂದನ್ನು ಕೊಟ್ಟರು, ಅದರಿಂದಲೇ ಮೊಳೆ ಹೊಡೆದೆ. ಪಂಚೆಯ ಚುಂಗಿನಿಂದ ಗಾಜು ಒರೆಸಿದೆ. 'ಕು|| ರತ್ನಮ್ಮ' ಚೆನ್ನಾಗಿ ಕಂಡಿತು. ನಾನೇ ಗೋಡೆಗೆ ಏರಿಸಿದೆ. ಸ್ವಲ್ಪ ಎಡಕ್ಕೆ ವಾಲಿದೆ ಎಂದು ಅಜ್ಜಿ ಹೇಳಿದಳು. ವಾಲಿರಲಿಲ್ಲ.

ಮದುವೆಯಾಗಿ ಬಂದ ಮೇಲೆ ಒಂದು ತಾಪತ್ರಯ ಶುರುವಾಯಿತು. ಅದನ್ನು ಮರಿಯಪ್ಪನವರಾಗಲಿ ನಾನಾಗಲಿ ಮೊದಲೇ ಯೋಚಿಸಿರಲಿಲ್ಲ. ಮಾಕಳಿಯ ಕಡೆಯ ನೆಂಟರು ಯಲಹಂಕಕ್ಕೆ ಬಂದಾಗಲೆಲ್ಲ ಗೋಡೆ ನೋಡಿ, "ಯಾಕ್ ರತ್ನಮ್ಮ, ಮದುವೆ ಆದ್ಮೇಲೆ ಏನೂ ಮಾಡ್ಲಿಲ್ವಾ? ಗಂಡ ಬಿಡಾಕಿಲ್ವಾ?" ಎನ್ನುವರು. ಹೆಂಡತಿಯನ್ನು ಕೈಕೆಲಸ ಮಾಡಲು ಬಿಡದ ಕಟುಕ ಎಂದು ನನಗೆ ಹೆಸರು ಬರುವುದರಲ್ಲಿತ್ತು. ಆದ್ದರಿಂದ ಅವಳ ಹೆಸರಿನಲ್ಲಿ ನವಿಲು ಮಾಡಿದೆ, ಕುಂಬಳಬೀಜದ ಗರಿ ಇಟ್ಟು. ಪೆನ್ಸಿಲ್ ಹೆರೆದ ಚೂರಿನಲ್ಲಿ ಹೂಕುಂಡ ಮಾಡಿದೆ. ಬೆಂಕಿಕಡ್ಡಿಯಲ್ಲಿ ಒಂದು ದೇವಸ್ಥಾನ ಕಟ್ಟಿದೆ. ಕಣ್ಣು ಎಲ್ಲಿ ಬೇಕೋ ಅಲ್ಲಿ ಅವಳನ್ನು ಕರೆಯುತ್ತಿದ್ದೆ. ಒಲೆಯ ಮುಂದಿನಿಂದ ಎದ್ದು ಬಂದು, ಬೆರಳ ತುದಿಯಲ್ಲಿ ಒಂದು ಅಗುಳು ಮಿದ್ದು, ನೋಡಿಯೂ ನೋಡದ ಹಾಗೆ ಒತ್ತಿ ಹೋಗುತ್ತಿದ್ದಳು. ಎರಡು ಸಲ ಹುಣಸೆಬೀಜದ ಅಂಟು ಕೊಟ್ಟೆ. "ನಿಮ್ ಪಾಯಸ ನೀವೇ ಇಟ್ಕಳಿ" ಎಂದಳು. ಮೂರನೇ ಸಲ ಕೊಡಲಿಲ್ಲ.

ಹೆಣ್ಣುಮಕ್ಕಳು ಬೆಳೆದಾಗ ಕಾಲ ಬದಲಾಗಿದೆ, ಇನ್ನು ಯಾರು ಗೋಡೆ ನೋಡುತ್ತಾರೆ ಎಂದುಕೊಂಡಿದ್ದೆ. ಸ್ಕೂಲಿನವರು ನೋಡಿದರು. ವಸ್ತುಪ್ರದರ್ಶನ ಅಂತೆ, ಮಗುವೇ ಮಾಡಿರಬೇಕಂತೆ, ಬಹುಮಾನ ಕೊಡುತ್ತಾರಂತೆ. ಏಳನೇ ಕ್ಲಾಸಿನ ಮಧ್ಯದಲ್ಲಿ ಎದ್ದುಬಂದವನು ಹೀಗೆ ಅದೇ ಕ್ಲಾಸಿನಲ್ಲಿ ಎರಡು ಸಲ ಮೊದಲನೇ ಬಹುಮಾನ ತೆಗೆದುಕೊಂಡೆ, ಇಬ್ಬರು ಹುಡುಗಿಯರ ಹೆಸರಿನಲ್ಲಿ. ಬಹುಮಾನ ಕೊಡುವ ದಿನ ಹೆಡ್ಮಾಸ್ಟರು ನನ್ನ ಕೈಕುಲುಕಿ, "ಮಕ್ಕಳಿಗೆ ಈ ಕಲೆ ತಾಯಿಯಿಂದ ಬಂದಿರಬೇಕು, ಅಲ್ವಾ?" ಎಂದರು. ಕೊಟ್ಟ ಮಾತು ಮಾತೇ. ಹೌದು ಎಂದೆ. ರತ್ನಮ್ಮ ಪಕ್ಕದಲ್ಲೇ ಇದ್ದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಈಗ ನನ್ನದು ಇಷ್ಟು. ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಅಳಿಯಂದಿರು ಇಬ್ಬರು, ಮೊಮ್ಮಕ್ಕಳು ಮೂವರು. ಸ್ವಂತ ಕಟ್ಟಿನಂಗಡಿ ಒಂದು, ಈಗ ದೊಡ್ಡ ಅಳಿಯ ನೋಡಿಕೊಳ್ಳುತ್ತಾನೆ. ನಡುಮನೆಯ ಗೋಡೆಯ ಮೇಲೆ ಚಿತ್ರಗಳು ಒಂಬತ್ತು. ಅವುಗಳಲ್ಲಿ ರತ್ನಮ್ಮನ ಹೆಸರಿನವು ಐದು, ದೊಡ್ಡ ಮಗಳ ಹೆಸರಿನವು ಎರಡು, ಚಿಕ್ಕವಳ ಹೆಸರಿನವು ಎರಡು.